ಕೋವಿಯ ಮರಕ್ಕೆ ನಾನೇ ಕಫೀಲ್

ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ಬಲಗೈಯ ನಾಲ್ಕು ಬೆರಳಿನ ಆಣೆ. ಐದನೆಯದರ ಆಣೆ ಹಾಕ್ಲಿಕ್ಕೆ ಆಗುದಿಲ್ಲ, ಅದು ಮೂವತ್ತು ವರ್ಷದ ಹಿಂದೆಯೇ ಗರಗಸದ ಮೆಷಿನಿಗೆ ಹೋಗಿದೆ. ನಂಬದವರು ಸೌದಿಯ ಖಮೀಸ್ ಮುಶೈತಿನ ಸನಾಯ್ಯಾಕ್ಕೆ, ಅಂದ್ರೆ ಗ್ಯಾರೇಜು ವರ್ಕ್‌ಶಾಪುಗಳೆಲ್ಲ ಇರುವ ಜಾಗಕ್ಕೆ ಬಂದು, ಬೆರಳಿಲ್ಲದ ಆಚಾರಿ ಎಲ್ಲಿ ಅಂತ ಕೇಳಿ. ಬೆಕ್ಕು ಕೂಡ ದಾರಿ ತೋರಿಸ್ತದೆ.

ನನಗೆ ಇಂಥದ್ದು ಆಗ್ತಾನೇ ಇರ್ತದೆ. ಬೇರೆಯವರು ಸೌದಿಯಿಂದ ಚಿನ್ನ ತಂದ್ರು, ಕಂಬಳಿ ತಂದ್ರು. ನಾನು ತಂದದ್ದು ಕತೆ. ಬಾಗಿಲು ಕಿಟಕಿ ಮಾಡುವ ಮನುಷ್ಯನ ಕೈಗೆ ಮಿಲಿಟರಿಯ ಹಳೇ ಕೋವಿಗಳು ಬಂದು ಬೀಳ್ತದೆ ಅಂತ ಯಾರಿಗೆ ಗೊತ್ತಿತ್ತು? ಪ್ರತಿ ಗುಂಡಿಗೂ ಬೋಲ್ಟ್ ಎಳೆದು ದೂಡುವ ಜಾತಿಯ ಕೋವಿ. ಹಿಂದೆ ನಮ್ಮೂರ ಪೊಲೀಸ್ ಸ್ಟೇಷನ್ನಿನಲ್ಲಿ ಸರಪಳಿ ಹಾಕಿ ನಿಲ್ಲಿಸ್ತಿದ್ದ ತ್ರೀ ನಾಟ್ ತ್ರೀ ಇತ್ತಲ್ಲ, ಅದು ಮತ್ತು ಅದರ ಅಣ್ಣತಮ್ಮಂದಿರು. ಇವತ್ತು ಇಲ್ಲಿಂದ ನಜ್ರಾನಿನವರೆಗೆ, ಕೋವಿಯ ಮರ, ಅಂದ್ರೆ ಹೆಗಲಿಗೆ ಕೊಡುವ ಮರದ ಭಾಗ, ನೋಡಿ ಇದು ಯಾವ ದೇಶದ್ದು, ಎಷ್ಟು ಹಳತು ಅಂತ ಹೇಳುವ ಗಂಡಸು ನಾನೊಬ್ಬನೇ. ಜಂಭ ಅಲ್ಲ ಇದು. ಬೇರೆ ಯಾರಾದ್ರೂ ಇದ್ರೆ ನನಗೆ ಗೊತ್ತಿರ್ತಿತ್ತು.

೧. ಅಡ್ಡ ತಿರುಪು

ನಮ್ಮ ಕಫೀಲ್, ಅಂದ್ರೆ ನನ್ನ ಇಕಾಮಾಕ್ಕೆ, ಇಲ್ಲಿ ಇರುವ ಪರವಾನಗಿಗೆ, ಜಾಮೀನು ನಿಂತ ಯಜಮಾನರು, ಚಿನ್ನದಂಥ ಮನುಷ್ಯ. ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರ ಮಜ್ಲಿಸ್, ನಮ್ಮ ಲೆಕ್ಕದಲ್ಲಿ ಹೊರಗಿನ ಚಾವಡಿ, ಒಂದು ಸಣ್ಣ ಮ್ಯೂಸಿಯಮ್ಮೇ. ಗೋಡೆ ತುಂಬ ಕೋವಿ. ಎಲ್ಲದಕ್ಕೂ ಸರ್ಕಾರದ ಕಾಗದ ಉಂಟು. ಎಲ್ಲದರ ಒಳಗಿನ ಸೂಜಿಯ ತುದಿ ಕತ್ತರಿಸಿ ಹಾಕಿದೆ, ಗುಂಡು ಹಾರುದಿಲ್ಲ. ಹಾರುದಿಲ್ಲ ಅಂತ ಚಂದ ಕಡಿಮೆ ಆಗ್ತದಾ? ಓಟ ಬಿಟ್ಟ ಕಂಬಳದ ಕೋಣ ನೋಡಿದ್ದೀರಲ್ಲ, ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತ್ರೂ ಅದರ ಗತ್ತು ಹೋಗುದಿಲ್ಲ.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಉಗ್ರಾಣದ ಬಾಗಿಲು ಮಾಡ್ಲಿಕ್ಕೆ. ಅಳತೆ ತೆಗೆದೆ, ಕಿವಿಯ ಪೆನ್ಸಿಲ್ ತೆಗೆದೆ, ಮರದ ಮೇಲೆ ಕನ್ನಡ ಅಂಕಿಯಲ್ಲಿ ಬರ್ದೆ. ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ, ಬರಿಯುವಾಗ ಕೈಗೆ ಬರುದು ಅದೊಂದೇ. ಅಳತೆ ಮಾತ್ರ ಅಲ್ಲ. ಯಾವ ದಿನ ಕೊಡ್ಬೇಕು, ಗಿರಾಕಿ ಎಂಥವ, ಎಲ್ಲ ಅಲ್ಲೇ ಮರದ ಮೇಲೆ, ಹೊರಗೆ ಕಾಣದ ಜಾಗದಲ್ಲಿ. ಈ ದೇಶದಲ್ಲಿ ಯಾರಿಗೂ ಓದ್ಲಿಕ್ಕೆ ಬರುದಿಲ್ಲ. ಇದಕ್ಕಿಂತ ಗಟ್ಟಿ ಬೀಗ ಉಂಟಾ?

ಬಾಗಿಲು ಮುಗಿದ ದಿನ ಕಫೀಲ್ ಒಂದು ಕೋವಿ ತಂದು ಮಡಿಲಲ್ಲಿ ಇಟ್ರು. ಮರ ಸೀಳಿತ್ತು. "ಮುಅಲ್ಲಿಂ, ಇದನ್ನು ಸರಿ ಮಾಡ್ಲಿಕ್ಕೆ ಆಗ್ತದಾ?" ಇಲ್ಲಿ ಕೈಕೆಲಸದವರನ್ನು ಮುಅಲ್ಲಿಂ ಅಂತ, ಮೇಷ್ಟ್ರೇ ಅಂತ ಕರೀತಾರೆ. ನಾಲ್ಕನೇ ಕ್ಲಾಸಿನವನಿಗೆ ಇದೂ ಒಂದು ಭಾಗ್ಯ.

ನಾನು ಕೋವಿ ತಿರುಗಿಸಿ ನೋಡಿದೆ. ಮರದ ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದು ಅಡ್ಡ ತಿರುಪು ಹೋಗಿತ್ತು. "ಇದು ನಮ್ಮ ದೇಶದಲ್ಲಿ ಮಾಡಿದ್ದು," ಅಂದೆ.

"ಅಲ್ಲ, ಇಂಗ್ಲಿಷರದ್ದು. ಎಲ್ಲರಿಗೂ ಗೊತ್ತುಂಟು."

"ನಮೂನೆ ಇಂಗ್ಲಿಷರದ್ದು. ಕೆಲಸ ನಮ್ಮವರದ್ದು."

ಅವರು ಒಳಗಿಂದ ತಲೆದಿಂಬಿನಷ್ಟು ದಪ್ಪದ ಪುಸ್ತಕ ತಂದ್ರು. ಕನ್ನಡಕ ಹಾಕಿದ್ರು, ಅದರ ಮೇಲೆ ಭೂತಗನ್ನಡಿ ಹಿಡಿದ್ರು. ಅರ್ಧ ಗಂಟೆ ನೋಡಿದ್ರು. ಮತ್ತೆ ಎದ್ದು ಬಂದು ನನ್ನ ಎರಡೂ ಕೈ ಹಿಡಿದು, "ವಲ್ಲಾ, ನೀನು ಖಬೀರ್," ಅಂದ್ರು. ಅಂದ್ರೆ ತಜ್ಞ. ಅವತ್ತಿಂದ ಸನಾಯ್ಯಾ ಇಡೀ ನನಗೆ ಅದೇ ಹೆಸರು.

ನನಗೆ ಹೇಗೆ ಗೊತ್ತಾಯ್ತು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮ ಹತ್ರ ಹೇಳ್ತೇನೆ. ನಮ್ಮಪ್ಪ ಮಾಡಿದ ಪ್ರತಿ ಮದುವೆ ಮಂಚಕ್ಕೂ ಇದೇ ಅಡ್ಡ ತಿರುಪು ಹಾಕ್ತಿದ್ರು, ಮರ ಸೀಳಬಾರದು ಅಂತ. ಒದೆತ ಕೋವಿಯದ್ದಾದ್ರೇನು, ಮದುಮಕ್ಕಳದ್ದಾದ್ರೇನು, ಮರಕ್ಕೆ ಎರಡೂ ಒಂದೇ.

೨. ಬೋಲ್ಟಿನ ಗುಂಡಿನ ಅಡಿ

ಕಫೀಲರಿಗೆ ಒಂದು ಚಾಳಿ. ಯಾರು ಯಾವ ಕೋವಿ ತಂದ್ರೂ ನಳಿಗೆ ನೋಡುದಿಲ್ಲ, ಮುದ್ರೆ ನೋಡುದಿಲ್ಲ. ಮೊದಲು ಬೋಲ್ಟಿನ ಹಿಡಿಯ ತುದಿಯಲ್ಲಿ ಒಂದು ಉರುಟು ಗುಂಡು ಇರ್ತದಲ್ಲ, ಅದರ ಅಡಿಗೆ ಹೆಬ್ಬೆರಳು ಹಾಕಿ ಸವರ್ತಾರೆ. ತುಕ್ಕು ನೋಡುದು ಅಂತ ಗ್ರಹಿಸಿದ್ದೆ. ಒಂದಿನ ಕೇಳಿಯೇ ಬಿಟ್ಟೆ.

ಅವರು ಗಹವಾದ, ಅಂದ್ರೆ ಅರಬ್ಬಿ ಕಾಫಿಯ, ಸಣ್ಣ ಕಪ್ಪು ಕೆಳಗಿಟ್ರು. "ನಮ್ಮ ಅಪ್ಪನ ಹತ್ರ ಒಂದು ತುರ್ಕಿ ಕೋವಿ ಇತ್ತು, ಮುಅಲ್ಲಿಂ. ತುರ್ಕಿ ಸೈನ್ಯ ಬಿಟ್ಟುಹೋದದ್ದು, ಅಜ್ಜನಿಂದ ಬಂದದ್ದು. ಗಂಡು ಮಗು ಹುಟ್ಟಿದಾಗ ಒಂದೊಂದು ಸಲ ನಮ್ಮ ಉಮ್ಮಾ ಅರ ತಗೊಂಡು ಆ ಗುಂಡಿನ ಅಡಿಯಲ್ಲಿ ಒಂದು ಗೀರು ಹಾಕಿದ್ರು. ಮೂರು ಗೀರು. ಮೂರನೆಯದು ನಾನು. ನನಗೆ ಐದು ವರ್ಷ ಆಗುವಾಗ ಮಳೆ ಬರಲಿಲ್ಲ. ಅಪ್ಪ ಕೋವಿ ಕೊಟ್ಟು ಎರಡು ಮೂಟೆ ಗೋಧಿ ತಂದ್ರು."

ಗೋಡೆಯ ಕಡೆ ಕೈ ತೋರಿಸಿದ್ರು. "ಈ ಗೋಡೆಯಲ್ಲಿ ಇರುದೆಲ್ಲ ಅದನ್ನು ಹುಡುಕುವಾಗ ಸಿಕ್ಕಿದ್ದು. ಉಮ್ಮಾನಿಗೆ ತೊಂಬತ್ತು ದಾಟಿತು. ಅವರು ಇರುವಾಗಲೇ ಸಿಗ್ಬೇಕು. ಅಷ್ಟೇ."

ನಾನು ಕಣ್ಣು ಒರೆಸಿಕೊಂಡೆ. ಮರದ ಹುಡಿ ಬಿದ್ದಿತ್ತು.

ಅವತ್ತಿಂದ ನಾನೂ ಯಾವ ಕೋವಿ ಬಂದ್ರೂ ಮೊದಲು ಗುಂಡಿನ ಅಡಿ ನೋಡುದು. ಚಾಳಿ ಎಷ್ಟು ಹಿಡೀತು ಅಂದ್ರೆ, ತರಕಾರಿ ಅಂಗಡಿಯ ಬಂಗಾಲಿ ಒಂದಿನ ಕೈ ಹಿಡಿದು ನಿಲ್ಲಿಸಿದ. "ಚಾಚಾ, ಮೂರು ವಾರದಿಂದ ನೋಡ್ತಿದ್ದೇನೆ. ಪ್ರತಿ ಬದನೆಕಾಯಿಯ ಅಡಿ ಸವರಿ ವಾಪಸ್ ಇಡ್ತೀರಿ. ಕಳೆದುಹೋದ ಬದನೆ ಯಾವುದು ಅಂತ ಹೇಳಿ, ನಾನೂ ಹುಡುಕ್ತೇನೆ."

೩. ಮೂರು ಚಮಚ

ಈ ಗುಡ್ಡದ ಗಾಳಿಗೆ ಹಳೇ ಮರ ಒಣಗಿ ಹಪ್ಪಳ ಆಗ್ತದೆ. ಅದಕ್ಕೆ ಅಗಸೆ ಎಣ್ಣೆ ಕುಡಿಸ್ಬೇಕು. ವಾರ್ನಿಶ್ ಹೊಡೆಯುವವರು ಮೂರ್ಖರು, ಅದು ಹೆಣಕ್ಕೆ ಪೌಡರ್ ಹಾಕಿದ ಹಾಗೆ. ಆದ್ರೆ ಅಗಸೆ ಎಣ್ಣೆ ಇಲ್ಲಿ ಸಿಗುದು ಔಷಧದ ಬೇರು ಬೀಜ ಮಾರುವ ಅಂಗಡಿಯಲ್ಲಿ, ಹೆಬ್ಬೆರಳಷ್ಟು ಬಾಟ್ಲಿಯಲ್ಲಿ. ಹೊಟ್ಟೆ ಕಟ್ಟಿದವರಿಗೆ ಕೊಡುದು.

ನಾನು ಹೋಗಿ ಹೇಳಿದೆ, "ಮೂವತ್ತು ಬಾಟ್ಲಿ."

ಅಂಗಡಿಯ ಯಮನಿ ಮುದುಕ ನನ್ನ ಹೊಟ್ಟೆ ನೋಡಿದ. "ನಿನಗಾ?"

"ಅಲ್ಲ, ಮನೆಯಲ್ಲಿ ಒಬ್ಬ ತುರ್ಕಿ ಇದ್ದಾನೆ." ಅಂಗಡಿಯಲ್ಲಿ ನಿಂತು ಕೋವಿ ಗೀವಿ ಅಂತ ಬಾಯಿ ಬಿಟ್ರೆ ಸುಮ್ಮನೆ ತಂಟೆ, ಹಾಗಾಗಿ ಹಾಗೆ ಹೇಳಿದೆ.

"ಎಷ್ಟು ದಿನದಿಂದ ಹೀಗೆ?"

"ದಿನ ಎಂತದು ಮಾರಾಯ, ನೂರು ವರ್ಷ ಆಯ್ತು. ಪೂರಾ ಒಣಗಿದ್ದಾನೆ. ಬೆನ್ನಲ್ಲಿ ಬಿರುಕು ಬಿಟ್ಟಿದೆ."

ಅವ ಎದೆಗೆ ಕೈ ಇಟ್ಟು ದೇವರ ಹೆಸರು ಹೇಳಿದ. ಮೂವತ್ತೂ ಬಾಟ್ಲಿ ಕಟ್ಟಿ ಕೊಟ್ಟ, ಅರ್ಧ ಕ್ರಯ ಮಾತ್ರ ತಗೊಂಡ. ನಾನು ಬಾಗಿಲು ದಾಟುವಾಗ ಹಿಂದಿಂದ ಕೂಗಿದ, "ದಿನಕ್ಕೆ ಮೂರು ಚಮಚಕ್ಕಿಂತ ಹೆಚ್ಚು ಕೊಡಬೇಡ! ಮತ್ತೆ ಹತ್ತಿರ ಯಾರೂ ನಿಲ್ಲಬೇಡಿ!"

ಹೇಳಿದ ಮೇಲೆ ಇದೂ ಹೇಳ್ತೇನೆ. ಹಳೇ ಮರ ಬದುಕಿಸುವುದರಲ್ಲಿ ಅಲ್ಲ, ಹೊಸ ಮರವನ್ನು ಹಳತು ಮಾಡುವುದರಲ್ಲಿ ನನ್ನ ನಿಜವಾದ ಕೈ. ಹಾಲು ಹಾಕದ ಕಡು ಚಾ ಒಂದು ಕೈ, ಎಣ್ಣೆ ಒಂದು ಕೈ, ಮತ್ತೆ ಚಾ. ಮೂಲೆಗಳನ್ನು ಗೋಣಿಯಲ್ಲಿ ಉಜ್ಜುದು. ನಾಲ್ಕು ದಿನದಲ್ಲಿ ನೂರು ವರ್ಷ ತರಿಸ್ತೇನೆ. ನಾನು ಮಾಡಿದ ಮರವನ್ನು ಇದು ಹೊಸತು ಅಂತ ಹೇಳುವ ಗಂಡಸು ಇನ್ನೂ ಹುಟ್ಟಲಿಲ್ಲ. ಈ ಮಾತು ಸ್ವಲ್ಪ ನೆನಪಿಡಿ.

೪. ಉಲ್ಟಾ ಕಿರೀಟ

ಕಫೀಲರ ದೋಸ್ತಿ ಒಬ್ಬರು ಇಂಗ್ಲಿಷ್ ಕೋವಿ ಅಂತ ತಂದ್ರು. ಮೇಲೆ ರಾಜನ ಕಿರೀಟದ ಮುದ್ರೆ ಉಂಟು. ನಾನು ಮರ ಮೂಸಿ ನೋಡಿ, "ಇದು ಅಲ್ಲಿಯ ಮರ ಅಲ್ಲ," ಅಂದೆ. ಅವರಿಗೆ ಸಿಟ್ಟು ಬಂತು. "ಕಿರೀಟ ಕಣ್ಣಿಗೆ ಕಾಣುದಿಲ್ವಾ?"

ಸಾಕ್ಷಿಗೆ ಅಂತ ನನ್ನ ಪಕ್ಕದ ಶೆಡ್ಡಿನ ಮೆಕ್ಯಾನಿಕ್ ಪಠಾಣನನ್ನು ಕರ್ಕೊಂಡು ಬಂದೆ. ಅವನ ಊರ ಕಡೆ ಮನೆಮನೆಯಲ್ಲಿ ಕೋವಿ ಮಾಡ್ತಾರೆ ಅಂತ ಅವನೇ ಹೇಳ್ತಿದ್ದ. ಅವ ಕೋವಿ ನೋಡಿದ್ದೇ ನೆಲಕ್ಕೆ ಕೂತು ನಗಾಡ್ಲಿಕ್ಕೆ ಶುರು ಮಾಡಿದ. "ಚಾಚಾ, ಇದು ನನ್ನ ಮಾವಂದಿರ ಕೆಲಸ!"

"ಹೇಗೆ ಹೇಳ್ತಿ?"

"ಕಿರೀಟ ನೋಡಿ. ತಲೆಕೆಳಗೆ ಉಂಟು. ನಮ್ಮವರು ಕೋವಿಯನ್ನು ತಮ್ಮ ಕಡೆ ತಿರುಗಿಸಿ ತೊಡೆ ಮೇಲೆ ಇಟ್ಟು ಮುದ್ರೆ ಹೊಡೆಯುದು. ಅವರಿಗೆ ಸರಿ ಕಂಡ್ರೆ ಆಯ್ತು. ರಾಜನಿಗೆ ಬೇಕಾದ್ರೆ ಅವ ಬಗ್ಗಿ ನೋಡ್ಲಿ."

ಎಲ್ಲರೂ ನಗಾಡಿದ್ರು. ಆದ್ರೆ ನಾನು ಬೋಲ್ಟ್ ಎಳೆದು ನೋಡಿದೆ ನೋಡಿ, ನನ್ನ ನಗೆ ನಿಂತಿತು. ಬೆಣ್ಣೆಯಲ್ಲಿ ಚೂರಿ ಹೋದ ಹಾಗೆ ಹೋಯ್ತು. ಲೇತ್ ಇಲ್ಲ, ಕರೆಂಟ್ ಇಲ್ಲ, ಮಣ್ಣು ನೆಲದಲ್ಲಿ ಕೂತು ಬರೀ ಅರದಲ್ಲಿ ಉಜ್ಜಿ ಉಜ್ಜಿ ಮಾಡಿದ್ದು. ನಾನು ಯಾರಿಗೂ ತಲೆ ಬಗ್ಗಿಸಿದವ ಅಲ್ಲ. ಅವತ್ತು ಟೋಪಿ ತೆಗೆದೆ.

ಕಫೀಲರೂ ದೊಡ್ಡ ಮನುಷ್ಯ. ಅಸಲಿಯ ಕ್ರಯವನ್ನೇ ಕೊಟ್ಟು ಅದನ್ನು ತಗೊಂಡ್ರು. ಇವತ್ತಿಗೂ ಗೋಡೆಯಲ್ಲಿ ಅದೊಂದೇ ಕೋವಿ ಉಲ್ಟಾ ನೇತಾಡ್ತಾ ಉಂಟು. ಯಾಕೆ ಅಂತ ಯಾರಾದ್ರೂ ಕೇಳಿದ್ರೆ ಹೇಳ್ತಾರೆ, "ಪಾಪ, ರಾಜನಿಗೆ ತಲೆ ತಿರುಗಬಾರದಲ್ಲ."

೫. ಊರಿಗೆ ಹೋದ ಫೋಟೋ

ಮಜ್ಲಿಸಿನಲ್ಲಿ ಕೋವಿ ಹೆಗಲಿಗೆ ಇಟ್ಟು ಒಂದು ಫೋಟೋ ತೆಗೆಸಿದೆ. ಯಾರೋ ವಾಟ್ಸಪ್ಪಿಗೆ ಹಾಕಿದ್ರು. ಎರಡು ಗಂಟೆಯಲ್ಲಿ ಹೆಂಡತಿಯ ಫೋನು.

"ಎಂತ ಮಾರಾಯ್ರೆ ನೀವು! ಗಡಿಯಲ್ಲಿ ಮಿಲಿಟರಿಗೆ ಸೇರಿದ್ದೀರಂತೆ. ಇಲ್ಲಿ ಜಗಲಿ ತುಂಬ ಜನ ಬಂದು ಕೂತಿದ್ದಾರೆ. ಒಬ್ಬರು ಅಳ್ತಾ ಇದ್ದಾರೆ, ಉಳಿದವರು ಚಾ ಕೇಳ್ತಾ ಇದ್ದಾರೆ."

"ನೀನು ಎಂತ ಹೇಳಿದಿ?"

"ಅಳಬೇಡಿ ಅಂದೆ. ಹಲ್ಲಿ ಬಿದ್ರೆ ಮಂಚ ಹತ್ತುವ ಜನ ಅದು, ಕೋವಿ ಕೊಟ್ಟದ್ದು ಒರೆಸ್ಲಿಕ್ಕೆ ಇರ್ಬೇಕು ಅಂದೆ."

ನಲವತ್ತು ವರ್ಷದ ಸಂಸಾರ. ಖಬೀರ್ ಅವಳು.

೬. ಪರದೆಯ ಹಿಂದೆ

ಕಫೀಲರ ಉಮ್ಮಾ ಮಜ್ಲಿಸಿಗೆ ತಾಗಿದ ಒಳಕೋಣೆಯಲ್ಲಿ ಕೂರುದು. ನಡುವೆ ಒಂದು ಪರದೆ. ಕಣ್ಣು ಹೆಚ್ಚು ಕಾಣುದಿಲ್ಲ. ಸ್ವರ ಮಾತ್ರ ಕಂಚು. ಅರವತ್ತು ದಾಟಿದ ನನ್ನನ್ನು ಕರೆಯುದು "ಏ ಹುಡುಗ" ಅಂತ. ನಾನು ಅವರಿಗೆ ಖಾಲಾ ಅನ್ನುದು, ಅಂದ್ರೆ ಚಿಕ್ಕಮ್ಮ.

ಒಂದಿನ ನಾನು ಕೋವಿಗೆ ಎಣ್ಣೆ ಹಾಕಿ ಬೋಲ್ಟ್ ಎಳೆದು ದೂಡಿ ನೋಡ್ತಿದ್ದೆ. ಪರದೆಯ ಹಿಂದಿಂದ ಸ್ವರ ಬಂತು. "ಅದು ಇಂಗ್ಲಿಷರದ್ದು."

ಇನ್ನೊಂದು ತೆಗೆದೆ. ಕಟ್, ಸರ್, ಕಟ್.

"ಅದು ತುರ್ಕಿಯವರದ್ದು. ಆದ್ರೆ ನಮ್ಮದಲ್ಲ."

ನಾನು ಬೆಚ್ಚಿ ಬಿದ್ದೆ. "ಖಾಲಾ, ನೋಡದೆ ಹೇಗೆ ಹೇಳ್ತೀರಿ?"

"ಇಂಗ್ಲಿಷರದ್ದು ಮುಚ್ಚುವಾಗ ಬಿಗಿ ಆಗ್ತದೆ. ಇದು ತೆರೆಯುವಾಗ ಬಿಗಿ. ನೀನು ಖಬೀರ್ ಅಂತೆ, ನಿನಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಕೈಗೆ ತಾಗ್ತಿತ್ತು, ಮಂಡೆಗೆ ಹೋಗಿರಲಿಲ್ಲ. "ಗೊತ್ತುಂಟು ಖಾಲಾ, ನಿಮಗೆ ಗೊತ್ತುಂಟಾ ಅಂತ ನೋಡಿದ್ದು," ಅಂದೆ.

ಕಫೀಲರು ಕೂತು ನಗಾಡ್ತಾ ಇದ್ರು. ನಾನು ಗೋಡೆಯಿಂದ ಒಂದೊಂದೇ ತೆಗೆದೆ. ಹನ್ನೊಂದು ಕೋವಿ. ಹನ್ನೊಂದಕ್ಕೂ ಸರಿ ಉತ್ತರ. ಪಠಾಣನ ಕೋವಿಗೆ ಮಾತ್ರ ಸ್ವಲ್ಪ ಹೊತ್ತು ತಗೊಂಡು, "ಇದು ಯಾರೋ ಬಡವನ ಕೆಲಸ, ಒಳ್ಳೇ ಕೈ," ಅಂದ್ರು. ನನ್ನ ಮೈ ಜುಂ ಅಂತು. ತೊಂಬತ್ತು ವರ್ಷದ ಕಿವಿ ಅದು!

ಆದ್ರೂ ನನ್ನ ಬುದ್ಧಿ ಬಿಡ್ಬೇಕಲ್ಲ. ಮೆಲ್ಲ ಎದ್ದು ಹೋಗಿ ಉಗ್ರಾಣದ ಬಾಗಿಲಿನ ಚಿಲಕ ಎಳೆದು ದೂಡಿದೆ. ಕಟ್, ಸರ್, ಕಟ್. "ಖಾಲಾ, ಇದು ಯಾವ ದೇಶದ್ದು?"

"ಅದು ನಿನ್ನ ದೇಶದ್ದು. ನಮ್ಮ ಉಗ್ರಾಣದ ಬಾಗಿಲು. ಮಾಡಿದ ದಿನದಿಂದ ಎಣ್ಣೆ ಕಾಣಲಿಲ್ಲ ಅದು. ಹೋಗು, ಮೊದಲು ಅದಕ್ಕೆ ಹಾಕು."

೭. ತುರ್ಕಿ ಅಕ್ಷರ

ಇನ್ನು ಹೇಳುದು ಮೊನ್ನೆ ರಂಜಾನಿಗೆ ಒಂದು ತಿಂಗಳು ಮುಂಚೆ ನಡೆದದ್ದು.

ನಜ್ರಾನ್ ಕಡೆಯ ಒಬ್ಬ ವ್ಯಾಪಾರಿ ಒಂದು ತುರ್ಕಿ ಕೋವಿ ತಂದ. ಕಾಗದ ಎಲ್ಲ ಸರಿ ಉಂಟು. ಏನು ಕೋವಿ ಅಂತೀರಿ! ಮರ ಖರ್ಜೂರದ ಬಣ್ಣ. ಗಲ್ಲ ತಾಗುವಲ್ಲಿ ಸವೆದು ನುಣ್ಣಗೆ ಆಗಿತ್ತು. ಬೋಲ್ಟಿನ ಗುಂಡಿಗೆ ಮಾತ್ರ ಆಡಿನ ಚರ್ಮ ಸುತ್ತಿ ಹೊಲಿದಿತ್ತು. ಕಫೀಲ್ ಅದನ್ನು ಬಿಚ್ಚಲಿಕ್ಕೆ ಕೈ ಹಾಕಿದ್ರು.

ನಾನು ತಡೆದೆ. "ಬೇಡ. ಹೊಲಿಗೆ ಹಳತು. ಬಿಚ್ಚಿದ್ರೆ ಅದರ ಮರ್ಯಾದೆ ಹೋಯ್ತು."

ವ್ಯಾಪಾರಿ ಒಂಬತ್ತು ಸಾವಿರ ರಿಯಾಲ್ ಹೇಳಿದ. ಕಫೀಲ್ ಮರ ಸವರಿ ಸವರಿ ನೋಡಿದ್ರು. "ಇದು ಆಮೇಲೆ ಹಾಕಿದ ಮರದ ಹಾಗೆ ಕಾಣ್ತದೆ. ಹಾಗಾದ್ರೆ ಐದಕ್ಕಿಂತ ಹೆಚ್ಚು ಕೊಡ್ಲಿಕ್ಕಿಲ್ಲ."

ನನಗೆ ನಗು ಬಂತು. ಮರದ ವಿಷಯದಲ್ಲಿ ನನ್ನೆದುರು ಸಂಶಯವಾ? ಮೂಸಿದೆ. ಉಗುರಿನಲ್ಲಿ ತಟ್ಟಿದೆ. ನಾಲಿಗೆ ಕೂಡ ಇಟ್ಟೆ. "ಬರೆದಿಟ್ಟುಕೊಳ್ಳಿ. ಕಾರ್ಖಾನೆಯಿಂದ ಬಂದ ಮರ. ನೂರು ವರ್ಷದಲ್ಲಿ ಬೇರೆ ಆಚಾರಿಯ ಕೈ ತಾಗಲಿಲ್ಲ. ಈ ಕೆಲಸ ಮಾಡಿದವನ ಕಾಲಿಗೆ ಬೀಳ್ಬೇಕು, ಅಂಥ ಕೈ. ಈಗ ಇಂಥವರು ಹುಟ್ಟುದಿಲ್ಲ."

"ನಿಜವಾ ಮುಅಲ್ಲಿಂ? ಸರಿ ನೋಡಿದಿಯಾ?"

ಇಲ್ಲಿ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಎದ್ದು ನಿಂತು ಹೇಳಿದೆ, "ಇಷ್ಟು ವರ್ಷ ನೀವು ನನಗೆ ಕಫೀಲ್. ಇವತ್ತು ಈ ಮರಕ್ಕೆ ನಾನು ಕಫೀಲ್. ಯಾರಾದ್ರೂ ಆಮೇಲೆ ಹಾಕಿದ್ದು ಅಂತ ಆದ್ರೆ ಮೇಲಿನ ನಾಲ್ಕು ಸಾವಿರ ನನ್ನ ಸಂಬಳದಿಂದ ಕಡೀರಿ."

ವ್ಯಾಪಾರಿ ನನ್ನನ್ನು ತಬ್ಬಿಕೊಂಡ. ಒಂಬತ್ತು ಸಾವಿರ ತಗೊಂಡು, ಕಾಗದ ಅವರ ಹೆಸರಿಗೆ ಮಾಡಿಸಿ ಕೊಟ್ಟು, ಹೊರಟೇ ಹೋದ.

ಮಜ್ಲಿಸಿಗೆ ವಾಪಸ್ ಬಂದು ಕಫೀಲ್ ಬೋಲ್ಟ್ ಒಂದು ಸಲ ಎಳೆದು ದೂಡಿದ್ರು. ಕಟ್, ಸರ್, ಕಟ್.

ಪರದೆಯ ಹಿಂದೆ ಏನೋ ಕೆಳಗೆ ಬಿದ್ದ ಸದ್ದಾಯ್ತು. ಗಹವಾದ ಕಪ್ಪು.

"ಇನ್ನೊಂದು ಸಲ," ಅಂತ ಸ್ವರ ಬಂತು. ಆ ಸ್ವರ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಕಟ್, ಸರ್, ಕಟ್.

ಪರದೆ ಸರಿಸಿ ಅಜ್ಜಿ ತಾವೇ ಹೊರಗೆ ಬಂದ್ರು, ಗೋಡೆ ಹಿಡ್ಕೊಂಡು. ನಾನು ಎದ್ದು ನಿಂತೆ. ಅವರು ಕೂತು ಕೋವಿಯನ್ನು ಮಡಿಲಿಗೆ ತಗೊಂಡು, ಹೊಲಿಗೆಯ ಕತ್ತರಿ ಕೇಳಿ ತಗೊಂಡು, ನಾನು ಮುಟ್ಟಬೇಡಿ ಅಂದ ಆ ಚರ್ಮವನ್ನು ಕಚಕ್ ಅಂತ ಕತ್ತರಿಸಿದ್ರು. ಹೆಬ್ಬೆರಳು ಗುಂಡಿನ ಅಡಿಗೆ ಹೋಯ್ತು. "ಒಂದು," ಅಂದ್ರು. "ಎರಡು." ಮತ್ತೆ ಮಗನ ಕೈ ಹಿಡಿದು, ಅವರ ಬೆರಳನ್ನೇ ಅಲ್ಲಿಗೆ ತಾಗಿಸಿ, "ಇದು ನೀನು."

ಅರವತ್ತೆಂಟು ವರ್ಷದ ಆ ದೊಡ್ಡ ಮನುಷ್ಯ ತಾಯಿಯ ಹಣೆಗೆ ಮುತ್ತಿಟ್ಟು ಮಗುವಿನ ಹಾಗೆ ಅತ್ರು. ನಾನೂ ಅತ್ತೆ. ಮರದ ಹುಡಿ ಅಲ್ಲ, ಸುಳ್ಳು ಯಾಕೆ ಹೇಳ್ಲಿ?

ಅಲ್ಲಿಗೆ ನಾನು ಬಾಯಿ ಮುಚ್ಚಿ ಮನೆಗೆ ಹೋಗ್ಬೇಕಿತ್ತು. ಎಲ್ಲರಿಗೂ ಸಂತೋಷ. ಅಷ್ಟರಲ್ಲಿ ಅಜ್ಜಿ ಹಿಂದಿನ ಮರ ಸವರಿ ಹೇಳಿದ್ರು, "ಕಬ್ಬಿಣ ಇವನ ಅಪ್ಪನದ್ದು. ಮರ ಅವರದ್ದಲ್ಲ."

"ಖಾಲಾ, ಮರವೂ ಅವರದ್ದೇ!" ಅಂದೆ.

"ಏ ಹುಡುಗ, ಅದು ಒಂದು ಸಲ ಒಲೆಗೆ ಬಿದ್ದಿತ್ತು. ಹಿಂದುಗಡೆ ಅಂಗೈಯಷ್ಟು ಸುಟ್ಟ ಕಲೆ ಇತ್ತು. ಎಲ್ಲಿ ಉಂಟು ತೋರಿಸು?"

"ತುರ್ಕಿ ಕಾರ್ಖಾನೆಯ ಮರ ಇದು. ಬೇಕಾದ್ರೆ ಈಗಲೇ ಬಿಚ್ಚಿ ತೋರಿಸ್ತೇನೆ!"

ಹೆಗಲಿಗೆ ತಾಗುವ ಕಡೆ ಒಂದು ಕಬ್ಬಿಣದ ತಗಡು ಇರ್ತದೆ, ಎರಡು ತಿರುಪಿನದ್ದು. ನನ್ನದೇ ಚೀಲದಿಂದ ಸ್ಕ್ರೂ ಡ್ರೈವರ್ ತೆಗೆದು, ನನ್ನದೇ ಕೈಯಲ್ಲಿ ಬಿಚ್ಚಿದೆ. ತಗಡು ಎತ್ತಿದೆ.

ಒಳಗೆ ಮರದ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು. "೧೩½. ಮಂಗಳವಾರ ಕೊಡ್ಬೇಕು. ಗಿರಾಕಿ ಕಂಜೂಸ್. ಚಾ ಇನ್ನೊಂದು ಕೈ."

ಪಟ್ಟಂತ ನೆನಪಾಯ್ತು. ಹತ್ತು ಹನ್ನೊಂದು ವರ್ಷದ ಹಿಂದೆ ಒಬ್ಬ ಜಿಪುಣ ಬಂದಿದ್ದ. ಕೋವಿ ತಂದಿರಲಿಲ್ಲ, ಮುರಿದ ಮರ ಮಾತ್ರ ತಂದು, ಇದರ ಹಾಗೇ ಹೊಸತು ಮಾಡು, ಹಳತು ಕಾಣ್ಬೇಕು ಅಂದಿದ್ದ.

ಕಫೀಲ್ ಭೂತಗನ್ನಡಿ ತಂದು ಬಗ್ಗಿದ್ರು. "ಇದೆಂತ ಬರಹ? ಅರಬ್ಬಿ ಅಲ್ಲ, ಇಂಗ್ಲಿಷ್ ಅಲ್ಲ."

ಈ ಮನೆಯಲ್ಲಿ ಓದ್ಲಿಕ್ಕೆ ಬರುವವ ನಾನೊಬ್ಬನೇ. ನಾಲ್ಕು ಸಾವಿರ ರಿಯಾಲ್ ಕಣ್ಣೆದುರು ಕುಣೀತು. ಗಂಟಲು ಸರಿ ಮಾಡಿಕೊಂಡು ಹೇಳಿದೆ, "ಇದು... ಹಳೇ ತುರ್ಕಿ ಅಕ್ಷರ. ಕಾರ್ಖಾನೆಯವರು ಹಾಕುವ ಗುರುತು."

ಕಫೀಲ್ ಭೂತಗನ್ನಡಿ ಹಿಡ್ಕೊಂಡೇ ಎದ್ರು. ನಡ್ಕೊಂಡು ಹೋಗಿ ಉಗ್ರಾಣದ ಬಾಗಿಲು ತೆಗೆದ್ರು. ಒಳಬದಿ ನೋಡಿದ್ರು. ಮತ್ತೆ ತಿರುಗಿ ಕೇಳಿದ್ರು, "ತುರ್ಕಿಯವರು ನಮ್ಮ ಉಗ್ರಾಣಕ್ಕೆ ಯಾವಾಗ ಬಂದಿದ್ರು, ಮುಅಲ್ಲಿಂ?"

ಅಜ್ಜಿ ನಗಾಡ್ಲಿಕ್ಕೆ ಶುರು ಮಾಡಿದ್ರು. ಇನ್ನು ಸುಳ್ಳಿಗೆ ಜಾಗ ಇರಲಿಲ್ಲ. ಕೋವಿಯಲ್ಲಿ ಬರೆದದ್ದನ್ನು ಒಂದೊಂದೇ ಶಬ್ದ ಅರಬ್ಬಿಯಲ್ಲಿ ಹೇಳಿದೆ. ಚಾ ಅಂತ ಬಂದಾಗ ಕಫೀಲ್ ಗೋಡೆ ಹಿಡ್ಕೊಂಡ್ರು.

"ಬಾಗಿಲಲ್ಲಿ ಎಂತ ಬರ್ದಿದ್ದಿ?"

"ಯಜಮಾನ ಒಳ್ಳೆಯವ ಅಂತ."

"ಸರಿ ಓದು."

"ಯಜಮಾನ ಒಳ್ಳೆಯವ, ಐವತ್ತು ಹೆಚ್ಚು ಹೇಳು ಅಂತ."

ಅಜ್ಜಿ ಕಣ್ಣೀರು ಒರೆಸಿಕೊಂಡು ಕೇಳಿದ್ರು, "ಆ ಹಳೇ ಮರ ಎಂತ ಮಾಡಿದಿ ಹುಡುಗ? ಸುಟ್ಟ ಕಲೆ ಇದ್ದದ್ದು?"

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ನಾಲ್ಕು ಬೆರಳು ಕಟ್ಟಿಕೊಂಡು ತಲೆ ತಗ್ಗಿಸಿ ಹೇಳಿದೆ, "ಖಾಲಾ, ಅವತ್ತು ಶೆಡ್ಡಿನಲ್ಲಿ ಗ್ಯಾಸ್ ಮುಗಿದಿತ್ತು. ಅದನ್ನು ಒಲೆಗೆ ಹಾಕಿ ಚಾ ಕಾಯಿಸಿದೆ. ಆ ಚಾವನ್ನೇ ಈ ಮರಕ್ಕೆ ಬಳಿದದ್ದು."

ಅಜ್ಜಿ ಮರವನ್ನು ಮೂಗಿಗೆ ಹಿಡಿದು ದೀರ್ಘ ಉಸಿರು ತೆಗೆದ್ರು. "ಹಾಗಾದ್ರೆ ಅವರ ಹೊಗೆ ಇದರಲ್ಲಿ ಉಂಟು. ಸಾಕು ನನಗೆ. ಮತ್ತೆ ಕೈ ಒಳ್ಳೇದುಂಟು ನಿನ್ನದು. ಬಾಯಿ ಮಾತ್ರ ಆಮೇಲೆ ಹಾಕಿದ್ದು."

ಕಫೀಲ್ ನನ್ನ ಹೆಗಲ ಮೇಲೆ ಕೈ ಇಟ್ಟು, "ನಾಲ್ಕು ಸಾವಿರ ಬಿಡು. ನಮ್ಮ ಅಪ್ಪನನ್ನು ಮನೆಗೆ ತಂದವ ನೀನು," ಅಂದ್ರು.

ಬಿಡಿ ಅಂದ್ರೆ ಬಿಡುವವನಾ ನಾನು? ಆದ್ರೆ ಬಿಡ್ತಿದ್ದೆ, ದೇವರಾಣೆ ಬಿಡ್ತಿದ್ದೆ. ಬಿಡಗೊಡಲಿಲ್ಲ ಅಜ್ಜಿ. "ಬೇಡ ಮಗಾ, ತಗೋ. ಎದ್ದು ನಿಂತು ಕಫೀಲ್ ಆದವನಿಗೆ ಮಾಫಿ ಮಾಡಿದ್ರೆ ಅವನಿಗೆ ಅವಮಾನ. ಅವ ಗಂಡಸು, ಕೊಡ್ತಾನೆ."

ಅಷ್ಟು ದೊಡ್ಡ ಮರ್ಯಾದೆ ನನಗೆ ಈ ದೇಶದಲ್ಲಿ ಯಾರೂ ಕೊಟ್ಟಿಲ್ಲ. ಇಷ್ಟು ಕ್ರಯವೂ ಆಗಿರಲಿಲ್ಲ. ನಾಲ್ಕು ಸಾವಿರದಲ್ಲಿ ಆ ಕಂಜೂಸ್ ಗಿರಾಕಿ ಅವತ್ತು ಮರ ಮಾಡಿದ್ದಕ್ಕೆ ಕೊಟ್ಟ ನೂರ ಎಂಬತ್ತು ಕಳೀರಿ. ಚಾ ಹುಡಿಗೆ ನಾನು ಹಾಕಿದ ಹದಿನಾಲ್ಕು ಸೇರಿಸಿ. ನನ್ನ ಕೆಲಸವನ್ನು ನಾನೇ ಹೊಗಳಿ, ನಾನೇ ಜಾಮೀನು ನಿಂತು ಕಳಕೊಂಡದ್ದು ಮೂರು ಸಾವಿರದ ಎಂಟುನೂರ ಮೂವತ್ತನಾಲ್ಕು ರಿಯಾಲ್.